ಎಷ್ಟು ಕುಸಿಯಬೇಕು

ರಾತ್ರಿ ಹತ್ತೂವರಿ. ಡೋಣಿ ದಿಬ್ಬದ ಮ್ಯಾಲ
ಗಾಳಿಗಿರಣಿಯ ಬುಡಕ್ಕ ಕಾಂಕ್ರೀಟು ಬೀಳಾಕತ್ತೈತಿ.
ಕುಣಿ ಅಂದ್ರ ಕುಣಿ, ಎರಡಾಳು ಆಳ,
ಒಳಗ ಕಬ್ಬಿಣದ ಪಂಜರ, ಪಂಜರದಾಗ ಎಂಟು ಮಂದಿ,
ಹಣಿಗೆ ಬ್ಯಾಟರಿ ಕಟಗೊಂಡವರು.
ಒಮ್ಮೆ ಸುರು ಆದರ ನಡುವ ನಿಲ್ಲಂಗಿಲ್ಲ.
ನಿಂತರ ಅಲ್ಲೇ ಒಂದು ಗೆರಿ ಹುಟ್ಟತೈತಿ,
ಗೆರಿ ಮುಂದ ಬಿರುಕು ಆಕೈತಿ.

ನನ್ನ ಕೆಲಸ ಮ್ಯಾಲ, ಲಾರಿಯ ಬಾಯಿ ಹತ್ರ.
ಒಂದು ತಗಡು, ಒಂದು ಸರಳು, ಒಂದು ಸ್ಕೇಲು,
ಬುಡ ಅಗಲ, ತುದಿ ಸಣ್ಣ, ಎರಡೂ ಕಡೆ ಬಾಯಿದ್ದ ಶಂಕು.
ಇಮಾಮಹುಸೇನ ನದಾಫ ಅದರ ಕಿವಿ ತುಳದು ನಿಂತರ
ರಿಕಾಪಿನ್ಯಾಗ ಕಾಲಿಟ್ಟ ಸವಾರನಂಗ ಕಾಣತಾನ.
ಒಂದು ಪದರ, ಇಪ್ಪತ್ತೈದು ಕುಟ್ಟು.
ಮತ್ತೊಂದು ಪದರ, ಇಪ್ಪತ್ತೈದು.
ಎಣಿಸೂದು ನಾನು. ಅಂವ ಎಣಸಂಗಿಲ್ಲ, ಕೇಳತಾನ.

ಅವರಪ್ಪ ಮುಳಗುಂದ, ಶಿರಹಟ್ಟಿ, ಬೆಟಗೇರಿ ಅಂತ
ಬಿಲ್ಲು ಹೆಗಲಿಗೆ ಹಾಕ್ಕೊಂಡು ಅರಳಿ ಹಿಂಜಕೋಂತ ತಿರಗಿದಾಂವ.
"ಗಾದಿ ಅರಳಿ ಹದಕ್ಕ ಬಂತೋ ಇಲ್ಲೋ
ಕಣ್ಣಿಗೆ ತಿಳಿಯಂಗಿಲ್ರಿ ಅಕ್ಕಾರ, ನಾರಿನ ದನಿ ಬದಲಾಕೈತಿ.
ಇದೂ ಹಂಗ. ಸರಳು ಗರ್ ಅಂದ್ರ ಒಣ,
ಪಚಕ್ ಅಂದ್ರ ನೀರು ಹೆಚ್ಚು.
ಎರಡರ ನಡುವ ಒಂದು ದನಿ ಐತ್ರಿ,
ಅದಕ್ಕ ನಮ್ಮಪ್ಪನೂ ಹೆಸರಿಟ್ಟಿದ್ದಿಲ್ಲ."

ಶಂಕು ಮ್ಯಾಲೆತ್ತೂದು: ನೆಟ್ಟಗ.
ತಿರುವಬಾರದು, ಝಾಡಸಬಾರದು.
ಆಮ್ಯಾಲ ಆ ಹಸಿ ಗುಡ್ಡಿಗೆ ಯಾರ ಆಸರಿನೂ ಇಲ್ಲ.
ಉಸರು ಹಿಡದು ನೋಡತೇವಿ,
ಮೆಲ್ಲಕ ಕುಂದರತೈತಿ,
ಬಸ್ಸಿನ್ಯಾಗ ಕಡೀಕೆ ಜಾಗ ಸಿಕ್ಕ ಮುದುಕಿಯಂಗ.
ನೂರಾ ಇಪ್ಪತ್ತು ಮಿಲಿಮೀಟರು. ಬರಕೊಂಡೆ. ಬಿಡ್ರಿ ಲಾರಿ.

ಪಾಲಿಟೆಕ್ನಿಕ್ಕಿನ ಪರೀಕ್ಷೆಯಾಗ ಹೊರಗಿನ ಸರ್ ಕೇಳಿದ್ರು,
"ಎಷ್ಟು ಕುಸದರ ಛಲೋ?"
ನಾ ಎದಿ ಸೆಟಿಸಿ, "ಸೊನ್ನಿ ಸರ್."
ಅವರು ನಕ್ಕು ಮೂರು ಅಂಕ ಕಡದಿದ್ರು.
ಕಬ್ಬಿಣದ ಸಂದಿಗೆ ಇಳಿಯದ್ದು
ಒಳಗ ಪೊಳ್ಳು ಬಿಟ್ಟು ಮ್ಯಾಲ ಗಟ್ಟಿ ಅಂತ ತೋರಸತೈತಿ,
ಇದನ್ನ ಆ ಸರ್ ಹೇಳಲಿಲ್ಲ. ಕುಣಿ ಹೇಳ್ತು.

ಹದಿನೇಳನೇ ಲಾರಿ ಡಂಬಳ ಕ್ರಾಸಿನ್ಯಾಗ ಪಂಚರ್.
ಗಾಳಿಗಿರಣಿಗೆ ಹೊಂಟಾಂವಗ ಗಾಳಿ ಹೋತು, ಅಂತ ಕುಣ್ಯಾಗಿನವರು ನಕ್ಕರು,
ತಾಸು ಎರಡಾದ ಮ್ಯಾಲ ನಗೂದು ಬಿಟ್ಟರು.
ಬಂತು. ಕುಟ್ಟಿದೆವು. ಎತ್ತಿದೆವು.
ಅಲುಗಲೇ ಇಲ್ಲ ಗುಡ್ಡಿ. ನಲವತ್ತು.
ಇನ್ನೊಮ್ಮೆ: ನಲವತ್ತೈದು.

ಡ್ರೈವರ್ ಯಮನೂರಪ್ಪನ ಕೈಯಾಗ ಆಗಲೇ ಪೈಪು:
"ಎರಡು ಬಕೀಟು ಬಿಟ್ಟರ ತುಪ್ಪ ಆಕೈತ್ರಿ ಮೇಡಂ,
ಯಾರಿಗೆ ಗೊತ್ತಾಕೈತಿ?"
ಕೆಳಗಿಂದ ಮೇಸ್ತ್ರಿ: "ಏನ್ ಬೇಕಾದ್ದು ಮಾಡ್ರಿ, ಲಗೂನ ಮಾಡ್ರಿ!"
ಗೊತ್ತಾಗೂದು ಇಪ್ಪತ್ತೆಂಟು ದಿನದ ಮ್ಯಾಲ,
ಘನ ಒಡೆಯೂ ಯಂತ್ರದಾಗ.
ಇಲ್ಲಾ, ಹತ್ತು ವರ್ಷದ ಮ್ಯಾಲ, ಯಾವುದೋ ಆಷಾಢದ ಗಾಳಿಯಾಗ.
ನಾನು ಇಮಾಮಹುಸೇನನ ಮಾರಿ ನೋಡಿದೆ.
ಅಂವ ಸರಳು ಒರಸಾಕತ್ತಿದ್ದ, ನನ್ನ ಕಡೆ ನೋಡಲಿಲ್ಲ.
ಸಹಿ ನಂದು.

"ಒಯ್ಯಿ ವಾಪಸ್," ಅಂದೆ. ದನಿ ಸಣ್ಣಗ ಬಂತು.
ಮತ್ತೊಮ್ಮೆ ಅಂದೆ.

ಮುಂದಿನ ಲಾರಿಗೆ ಇಪ್ಪತ್ತು ನಿಮಿಷ.
ಅಷ್ಟೂ ಹೊತ್ತು ಆ ಎಂಟು ಮಂದಿ
ಬಿದ್ದ ಕಾಂಕ್ರೀಟಿನ ಅಂಚಿಗೆ ವೈಬ್ರೇಟರ್ ಚುಚ್ಚಕೋಂತ,
ನನ್ನ ಬೈಕೋಂತ,
ನಿದ್ದಿಗೆ ಜಾರೂ ರೋಗಿನ್ನ ಮಾತಾಡಿಸಿದಂಗ
ಅದನ್ನ ಎಚ್ಚರ ಇಟ್ಟರು.
ಹದಿನೆಂಟನೇದು: ನೂರಾ ಹದಿನೈದು.
ಯಾರೂ ಏನೂ ಅನಲಿಲ್ಲ.

ಬೆಳಕು ಹರದಾಗ ನೋಡಿದರ
ತಾಡಪತ್ರಿ ಮ್ಯಾಲ ರಾತ್ರಿಯ ಗುಡ್ಡಿಗೋಳು ಸಾಲಾಗಿ,
ಒಂದೊಂದೂ ತನ್ನ ರೀತಿಗೆ ಕುಂತು ಕಲ್ಲಾಗಿದ್ದವು.
ನಡುವ ಎರಡು ಮಾತ್ರ ಸೆಟದು ನಿಂತಿದ್ದವು.
ಇಮಾಮಹುಸೇನ ಬಂದು, ಒಂದರ ನೆತ್ತಿ ತಟ್ಟಿ ನೋಡಿ,
ಅದರ ಮ್ಯಾಲ ತನ್ನ ಚಾ ಗ್ಲಾಸು ಇಟ್ಟ.
ಬರೋಬ್ಬರಿ ಅಳತಿ. ಒಂದು ಹನಿ ತುಳಕಲಿಲ್ಲ.