ಕೆಳಗಿನ ನಾಲ್ಕು ಇಂಚು

ಲಿಫ್ಟು ಎರಡು. ಒಂದು ಡಾಕ್ಟರುಗಳದು,
ಇನ್ನೊಂದು ಟ್ರಾಲಿ, ಲಾಂಡ್ರಿ ಮೂಟೆ, ಗಂಜಿಯ ಡಬ್ಬ
ಮತ್ತು ಉಳಿದವರದು.
ವಾಚ್‌ಮನ್ ನನ್ನ ಕೊರಳ ಕಾರ್ಡನ್ನು
ಬೆಳಕಿಗೆ ಹಿಡಿದು ಎರಡು ಸಲ ಓದಿದ.
ಫಿಸಿಶಿಯನ್ ಅಂತಲೂ ಇದೆ, ಅಸಿಸ್ಟೆಂಟ್ ಅಂತಲೂ ಇದೆ.
ಹೆಸರಿನ ಕೊನೆಯ ಗುಡಿಸು ನುಂಗಿ
ಯಶವಂತಿಯನ್ನು ಯಶವಂತ ಮಾಡಿದ್ದಾರೆ ಬೇರೆ.
ಅವನಿಗೂ ಪೀಕಲಾಟ, ನನಗೂ.
ಆರು ಮಹಡಿ ಮೆಟ್ಟಿಲು ಹತ್ತಿದೆ.

ಡೊಂಬಿವಲಿಯಿಂದ ಪರೇಲಿನವರೆಗೆ ನಿಂತೇ ಬಂದವಳು,
ಬ್ಯಾಗಿನ ಹಿಡಿಗೆ ಕಪ್ಪು ರೇಷ್ಮೆದಾರ ಸಿಕ್ಕಿಸಿ
ಎಡಗೈಯೊಂದರಲ್ಲೇ ಗಂಟಿನ ಮೇಲೆ ಗಂಟು.
ಘಾಟ್ಕೋಪರ್ ಬರುವಾಗ ನಲವತ್ತಮೂರು.
ತಲೆ ಬಾಚಿಕೊಳ್ಳುತ್ತಿದ್ದ ಪಕ್ಕದವಳು
ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ಕೇಳಿದಳು: ಹರಕೆಯಾ?
ಹೂಂ ಅಂದೆ.
ಬಿಡಿಸಿ ಹೇಳುವಷ್ಟರಲ್ಲಿ ಅವಳ ಕುರ್ಲಾ ಬರುತ್ತಿತ್ತು.

ಚಾಳಿನಲ್ಲೂ ಇದೇ ಪ್ರಶ್ನೆ. ಡಾಕ್ಟರಾ? ಅಲ್ಲ.
ನರ್ಸಾ? ಅಲ್ಲ. ಮತ್ತೆ?
ಸೀರೆಗೆ ಫಾಲ್ ಹಚ್ಚುತ್ತಿದ್ದ ಅಮ್ಮ
ತಲೆಯೆತ್ತದೆ, ದಾರವನ್ನು ಹಲ್ಲಿಂದ ಕಡಿದು,
"ಇದು ಇದೆಯಲ್ಲ, ಹಾಗೆ" ಅಂದಳು. "ಸೀರೆಯೂ ಅಲ್ಲ, ಲಂಗವೂ ಅಲ್ಲ.
ಇಲ್ಲದಿದ್ದರೆ ನೆರಿಗೆ ನಿಲ್ಲುವುದಿಲ್ಲ."
ಪಕ್ಕದ ಖೋಲಿಯ ಶಿರ್ಕೆ ಕಾಕುಗೆ ತಿಳಿಯಿತೋ ಇಲ್ಲವೋ,
ಎಂಬತ್ತರ ಬದಲು ಎಪ್ಪತ್ತು ಕೊಟ್ಟು ಹೋದರು.

ಐದನೇ ಕ್ಲಾಸಿನಿಂದ ಅವಳಿಗೆ ಸೂಜಿ ಪೋಣಿಸಿ ಕೊಟ್ಟವಳು ನಾನು.
ಸೀರೆಯ ಮುಖದಲ್ಲಿ ಒಂದು ಹೊಲಿಗೆ ಕಂಡರೆ ಸಾಕು,
ಸಂಜೆಯೆಲ್ಲ ಬಿಚ್ಚಿಸುತ್ತಿದ್ದಳು.

ಥಿಯೇಟರಿನಲ್ಲಿ ಚಳಿ. ಎದೆ ಸರ್ಜನ್ನರದು,
ಕಾಲು ನಮ್ಮದು, ಅಂದರು ವೃಷಾಲಿ ಘರತ್.
ಹದಿನಾಲ್ಕು ವರ್ಷದಿಂದ ಅವರು ಇಲ್ಲಿ ಕಾಲಿನವರು.
ಈ ಕಾಲು ಹೌಸಾಬಾಯಿ ತಾಂಡೇಲ್ ಅವರದು, ವಯಸ್ಸು ಅರವತ್ತಮೂರು.
ಮೀನಿನ ಹಲಗೆಯ ಹಿಂದೆ ಮಡಚಿ ಕೂತ ಕಾಲು.
ಕಂದು ಮದ್ದು ಬಳಿದ ಮೇಲೂ ಕಾಣುತ್ತಿತ್ತು
ಬೆಳ್ಳಿಯ ಕಡಗ ತೆಗೆದಲ್ಲಿ ಒಂದು ತಗ್ಗು.

ವೃಷಾಲಿ ಬಿಡಿಸಿದ ರಕ್ತನಾಳ ನೀಲಿ ಇರಲಿಲ್ಲ.
ಬೆಂದ ಶ್ಯಾವಿಗೆಯ ಮಾಸಲು ಬಿಳುಪು.
ಕವಲು ಕವಲಿಗೆ ನಾನು ಕ್ಲಿಪ್ಪು ಕೊಟ್ಟೆ.
ಸಲೈನು ತುಂಬಿ, ಎಲ್ಲಾದರೂ ಜಿನುಗುತ್ತದಾ ನೋಡಿದರು,
ಸೈಕಲ್ಲಂಗಡಿಯವನು ಟ್ಯೂಬು ನೋಡಿದ ಹಾಗೆ.
ಕೊಡುವಾಗ ತಿರುವಿ ಕೊಡಬೇಕು, ಮರೆತೀಯ,
ಒಳಗೆ ಪುಟ್ಟ ಪುಟ್ಟ ಕದಗಳಿವೆ,
ಒಂದೇ ಕಡೆಗೆ ತೆರೆಯುವಂಥವು.
ಪಾದದ ಕಡೆಯದು ಈಗ ಮೇಲೆ.
ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ.
ಆದರೂ ಆ ಬಟ್ಟಲು ಪರದೆಯಾಚೆಯ ಎದೆಗೆ ಹೋದಾಗ
ನನ್ನ ಹಿಮ್ಮಡಿ ತಣ್ಣಗಾಯಿತು.

"ಕೆಳಗಿನ ನಾಲ್ಕು ಇಂಚು ನಿನ್ನದು."
ಒಂದು, ಎರಡು. ಮೂರನೆಯದು ಸುಕ್ಕಾಯಿತು.
"ಉಸವ್," ಅಂದರು ವೃಷಾಲಿ, ಗದರಿಸದೆ.
ಅಮ್ಮ ಬಿಚ್ಚು ಅನ್ನುತ್ತಾಳಲ್ಲ, ಅದೇ ಧಾಟಿ,
ಬಿಚ್ಚುವುದೂ ಕೂಲಿಯಲ್ಲೇ ಸೇರಿದೆ ಎಂಬಂತೆ.
ಬಿಚ್ಚಿದೆ. ಮತ್ತೆ ಹೊಲಿದೆ.
ಮೂಗಿನ ತುದಿ ತುರಿಸುತ್ತಿತ್ತು, ಮುಟ್ಟುವಂತಿಲ್ಲ.
ಗಡಿಯಾರ ನೋಡಿದಾಗ ಎರಡೂವರೆ.
ಬೆಳಗಿನ ಇಡ್ಲಿ ಬ್ಯಾಗಿನಲ್ಲೇ, ಗಂಟುಗಳ ಜೊತೆ.

ಮೂರನೆಯ ದಿನ ಪಟ್ಟಿ ಬಿಚ್ಚಿದೆವು.
ಹೌಸಾಬಾಯಿ ಎದೆಯ ಕಡೆ ನೋಡಲೇ ಇಲ್ಲ.
ಕಾಲು ನೋಡಿದರು, ಬೆಳಗಿನ ಹರಾಜಿನಲ್ಲಿ
ಪಾಪ್ಲೆಟ್ಟಿನ ಕಿವಿರು ಎತ್ತಿ ನೋಡುವ ಕಣ್ಣಿಂದ.
ಹೃದಯ ಕೆಟ್ಟರೆ ಕಾಲು ಯಾಕೆ ಕೊಯ್ದಿರಿ?
ಹೇಳಿದೆ. ಪೂರ್ತಿ ಕೇಳಿಸಿಕೊಂಡರು.
ಅಂದರೆ ನನ್ನ ಕಾಲು ಈಗ ಎದೆಯೊಳಗೆ ನಡೀತಿದೆ?
ಹೌದು.
ಹೊಲಿದದ್ದು ಯಾರು?
ಮೇಲಿನದು ಇವರು, ಕೆಳಗಿನದು ನಾನು.
ಗಾಳಿಯಲ್ಲೇ ಬೆರಳಿಂದ ಗೆರೆ ಎಳೆದು, ಅಳೆದು,
"ಮೇಲಿನದು ಚೆನ್ನಾಗಿದೆ" ಅಂದರು.

ವೃಷಾಲಿ ಮಾಸ್ಕಿನೊಳಗೆ ನಕ್ಕದ್ದು ಕಣ್ಣಲ್ಲಿ ಗೊತ್ತಾಯಿತು.
ಇಳಿಯುವಾಗ ಯಾವುದೋ ಲಿಫ್ಟಿನ ಬಾಗಿಲು ತೆರೆಯಿತು, ಹತ್ತಿದೆ.
ಗಂಜಿಯ ವಾಸನೆಗೆ ಹಸಿವಾಯಿತು.