ನೆಕ್ಸ್ಟ್ ಅಂದಾಗ ಒತ್ತುವವನು

ಹದಿನೇಳು ವರ್ಷದಿಂದ ಈ ಸಭಾಂಗಣದ ಕೊನೆಯಲ್ಲಿ
ಕಬ್ಬಿಣದ ಸ್ಟೂಲಿನ ಮೇಲೆ ನಾನು.
ನೆಕ್ಸ್ಟ್ ಅಂತಾರೆ, ಒತ್ತುತ್ತೇನೆ.
ಬ್ಯಾಕ್ ಅಂತಾರೆ, ಒತ್ತುತ್ತೇನೆ.
ದಾವಣಗೆರೆಯಲ್ಲಿ ನನ್ನಷ್ಟು ಆಕಳಿಕೆಗಳನ್ನು
ಹಿಂದಿನಿಂದ ನೋಡಿದವನು ಇನ್ನೊಬ್ಬ ಇರಲಿಕ್ಕಿಲ್ಲ.

ಕೇಳುವವರಲ್ಲಿ ಮೊದಲು ಸೋಲುವುದು ಕುತ್ತಿಗೆ.
ಆಮೇಲೆ ಮೊಬೈಲು ಬೆಳಗುತ್ತವೆ, ಅಲ್ಲೊಂದು ಇಲ್ಲೊಂದು,
ಕಾರ್ತೀಕದ ಹಣತೆ ಹಚ್ಚಿದ ಹಾಗೆ.
ಅಷ್ಟು ಹೊತ್ತಿಗೆ ಪರದೆಯ ಮೇಲೆ ಇಪ್ಪತ್ತಮೂರನೇ ಸ್ಲೈಡು,
ಸಾಸಿವೆ ಕಾಳಿನಷ್ಟು ಅಕ್ಷರ, ಹಳದಿಯ ಮೇಲೆ ಬಿಳಿ.
ಭಾಷಣಕಾರ ನಮ್ಮ ಕಡೆ ಬೆನ್ನು ಹಾಕಿ
ಗೋಡೆಯ ಮೇಲಿದ್ದುದನ್ನು ಗೋಡೆಗೇ ಓದಿ ಹೇಳುತ್ತಿರುತ್ತಾನೆ.
ಗೋಡೆ ಪಾಪ, ಎದ್ದು ಹೋಗಲಾರದು.

ತಸ್ಕೀನ್ ಬಂದದ್ದು ಹಿಂದಿನ ದಿನವೇ.
ಹಿಂದಿನ ದಿನ ಬರುವವರು ಕಡಿಮೆ. ಬಂದವರು ಅರ್ಧ ಗೆದ್ದ ಹಾಗೆ.
ಭಟ್ಟಿ ಸಾಲಿನ ಹಿಂದಿನ ಓಣಿಯ ಹುಡುಗಿ,
ಸಮಾಜಕಾರ್ಯದಲ್ಲಿ ಎಂ.ಎ. ಕೊನೇ ವರ್ಷ.
ಮಂಡಕ್ಕಿ ಭಟ್ಟಿಯ ಹೊಗೆ, ಮಕ್ಕಳ ಕೆಮ್ಮು,
ನಲವತ್ತೆರಡು ಸ್ಲೈಡು.
"ಹಾಲೇಶಣ್ಣ, ನಾಳೆ ಪಾಲಿಕೆಯವರು, ಮಾಲೀಕರು ಎಲ್ಲಾ ಬರ್ತಾರೆ.
ಒಂದ್ಸಲ ಓಡಿಸಿ ತೋರಿಸ್ತೀರಾ?"

ಓಡಿಸಿದೆ.
ಹನ್ನೊಂದು ಬಣ್ಣದ ಚಕ್ರವೊಂದು ಬಂತು.
ಅಕ್ಷರಗಳು ಗಿರಗಿರ ತಿರುಗಿ ತಲೆಸುತ್ತಿ ಕೂತವು.
ಮೂಲೆಯಲ್ಲಿ ಗುಲಾಬಿ, ಯಾಕೆ ಅಂತ ಅವಳಿಗೂ ಗೊತ್ತಿಲ್ಲ.
ಅವಳ ನುಡಿ ಫಾಂಟು ನನ್ನ ಕಂಪ್ಯೂಟರಿನಲ್ಲಿ ಇಲ್ಲದೆ
ಶ್ವಾಸಕೋಶ ಅನ್ನುವ ಪದ
ಯಾವುದೋ ದೇಶದ ಲಿಪಿಯಾಗಿ ಮುರಿದುಬಿದ್ದಿತ್ತು.

"ಇಲ್ಲಿ ಬಾ, ನನ್ನ ಸ್ಟೂಲಿನ ಮೇಲೆ ಕೂರು, ಓದು."
ಕಣ್ಣು ಕಿರಿದು ಮಾಡಿದಳು. ಓದಲಾಗಲಿಲ್ಲ.
"ಇಷ್ಟರಲ್ಲಿ ನಿನ್ನ ನಿದ್ದೆ ಕೆಡಿಸಿದ್ದು ಯಾವುದವ್ವ?"
ತುಂಬಾ ಹೊತ್ತು ಸುಮ್ಮನಿದ್ದಳು.
ಮೂವತ್ತೊಂದನೇ ಸ್ಲೈಡಿನ ಮೂಲೆ ತೋರಿಸಿದಳು:
ಅಂಚೆಚೀಟಿಯಷ್ಟು ಫೋಟೋ, ಹಗ್ಗದ ಮೇಲೊಂದು ಹಾಸು.

ರಾತ್ರಿ ಎಂಟರ ತನಕ ಅಳಿಸಿದೆವು.
ಅಳಿಸುವಾಗ ಅವಳಿಗೆ ಹಲ್ಲು ಕಿತ್ತಷ್ಟು ನೋವು,
ಒಂದೊಂದು ಅಂಕಿಗೂ ಅವಳು ಎಷ್ಟು ಮನೆ ಹತ್ತಿಳಿದಿದ್ದಳೋ.
"ಅದನ್ನೆಲ್ಲ ಬಾಯಲ್ಲಿ ಇಟ್ಕೋ, ಕೇಳಿದರೆ ಕೊಡು" ಅಂದೆ.
ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದ್ದೆ.
ತಿನ್ನುವಾಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು,
ಇದೂ ಅದೇ ಭಟ್ಟಿಯದು.
ಯಾರೂ ಮಾತಾಡಲಿಲ್ಲ. ಖಾಲಿ ಮಾಡಿದೆವು.

ಮರುದಿನ ಏಳು ಸ್ಲೈಡು.
ಮೊದಲೆರಡರಲ್ಲಿ ತಡವರಿಸಿದಳು, ನಿಜ ಹೇಳಬೇಕು.
ಲೇಸರಿನ ಕೆಂಪು ಚುಕ್ಕಿ ನೊಣದ ಹಾಗೆ ಗೋಡೆಯೆಲ್ಲ ಹಾರಾಡಿತು.
ಖಲಂದರ್ ಸಾಹೇಬರು ಗಡಿಯಾರ ನೋಡಿಕೊಂಡರು.
ಆಮೇಲೆ ಚುಕ್ಕಿ ಆರಿಸಿ, ಕೈಚೀಲದಿಂದ
ಆ ಹಾಸನ್ನೇ ತೆಗೆದು
ಪರದೆಗೆ ಎರಡು ಕ್ಲಿಪ್ಪು ಹಾಕಿ ಇಳಿಬಿಟ್ಟಳು.
ನನಗೂ ಹೇಳಿರಲಿಲ್ಲ.

ಮೂರು ದಿನ ಹಗ್ಗದ ಮೇಲೆ ಮಡಚಿ ಬಿದ್ದದ್ದು.
ಒಳಮಗ್ಗುಲು ಬಿಳಿ. ಹೊರಮಗ್ಗುಲು ಮಸಿ.
ನನ್ನ ಬೆಳಕು ಹೋಗಿ ಅದರ ಮೇಲೆ ಬಿತ್ತು:
ಬಿಳಿ ಅರ್ಧದಲ್ಲಿ ಅಕ್ಷರ ಕಂಡವು,
ಕಪ್ಪು ಅರ್ಧ ಅವನ್ನು ನುಂಗಿ ಕೂತಿತ್ತು.

ಅವಳು ನೆಕ್ಸ್ಟ್ ಅನ್ನಲಿಲ್ಲ.
ನನ್ನ ಹೆಬ್ಬೆರಳು ಬಟನ್ನಿನ ಮೇಲೆ ಕಾದೇ ಕಾಯಿತು.
ಫ್ಯಾನು ತಿರುಗುವುದು ಕೇಳುತ್ತಿತ್ತು.
ಒಂದು ಮೊಬೈಲೂ ಬೆಳಗಲಿಲ್ಲ.

"ಯಾರ ಮನೇದಮ್ಮ ಇದು?" ಖಲಂದರ್ ಸಾಹೇಬರು.
"ನಮ್ಮನೇದು ಚಾಚಾ. ನಿಮ್ಮ ಎರಡನೇ ಭಟ್ಟಿ ಹಿಂದೆ."
ಬೈದಂತಿರಲಿಲ್ಲ. ವಿಳಾಸ ಹೇಳಿದಂತಿತ್ತು.

ಚಿಮಣಿ ಎತ್ತರಿಸುವುದು ಅಂತ ಏನೋ ಬರೆದುಕೊಂಡರು.
ಎತ್ತರಿಸಿದರೋ ಇಲ್ಲವೋ, ನಾನು ಆ ಕಡೆ ಹೋಗಿಲ್ಲ.
ಹಾಸು ಇಲ್ಲೇ ಉಳಿಯಿತು. "ಇಟ್ಕೊಳ್ಳಿ ಅಣ್ಣ,
ಒಗೆದರೂ ಹೋಗಲ್ಲ ಅದು" ಅಂದಳು.
ರಾತ್ರಿ ಪ್ರೊಜೆಕ್ಟರಿಗೆ ಅದನ್ನೇ ಹೊದಿಸುತ್ತೇನೆ, ಕಪ್ಪು ಮೇಲಾಗಿ.

ಇವತ್ತು ಯಾರೋ ಅರವತ್ತು ಸ್ಲೈಡು ತಂದಿದ್ದಾರೆ.
ಹೊದಿಕೆ ತೆಗೆದು ಸ್ಟೂಲಿನ ಮೇಲೆ ಕೂತಿದ್ದೇನೆ.
ನೆಕ್ಸ್ಟ್ ಅಂತಾರೆ, ಒತ್ತುತ್ತೇನೆ.
ಬಟನ್ನಿನ ಮೇಲೆ ಹೆಬ್ಬೆರಳಿನ ಮಸಿ ಗುರುತು.