ಅರ್ಧಕ್ಕೆ ನಿಂತ ಮುಳ್ಳು

ಪಾಂಡವಪುರದಾಚೆ, ಒಲೆ ಆರಿದ ಆಲೆಮನೆಯ ಹಿಂದೆ,
ಕಬ್ಬಿನ ಸಿಪ್ಪೆ ಒಣಹಾಕಿದ ಜಾಗದ ಅಂಚಿಗೆ
ನಿಂತಿತ್ತು ತೊಂಬತ್ತೇಳರ ಜೀಪು.
ಬಣ್ಣ, ಹಸಿರು ಅಂದುಕೊಳ್ಳಬೇಕು.

"ಗಾಡಿ ಅಂದ್ರೆ ಗಾಡಿ ಕನಮ್ಮಾ,
ಒಂದಿನಾನೂ ಕೈ ಕೊಟ್ಟಿಲ್ಲ," ಅಂದರು ಕೆಂಪೀರೇಗೌಡರು,
ತುಕ್ಕು ತಿಂದ ಕಡೆಗೆಲ್ಲ ಒಂದೊಂದು ಕೈ ಮುಚ್ಚಿ.

ಜಬೀವುಲ್ಲಾ ಮಾತಾಡಲಿಲ್ಲ.
ಹಳೇ ಸ್ಪೀಕರಿನ ಅಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತಿ
ಮಗುವಿನ ಜ್ವರ ನೋಡುವವನಂತೆ
ಬಾನೆಟ್ಟಿಗೆ, ಮಡ್‌ಗಾರ್ಡಿಗೆ, ಬಾಗಿಲಿಗೆ ಮುಟ್ಟಿಸುತ್ತ ಹೋದ.
ಹಿಡಿದಲ್ಲಿ ತಗಡು, ಜಾರಿದಲ್ಲಿ ಪುಟ್ಟಿ.
ಎಡಬಾಗಿಲು ಪೂರಾ ಜಾರಿತು.

ನಾನು ಒಳಗೆ ಕೂತೆ.
ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಬೆಲ್ಲದ ಪುಡಿ,
ಅದರ ಬೆನ್ನಿಗೆ ಬಿದ್ದ ಇರುವೆಸಾಲು
ಸ್ಟೇರಿಂಗಿನ ಬುಡದಲ್ಲಿ ಇಳಿದು, ಎಲ್ಲಿಗೋ.
ಡೀಸೆಲ್ ಮುಳ್ಳು ಅರ್ಧಕ್ಕೆ ನಿಂತಿದೆ,
ಟ್ಯಾಂಕು ತುಂಬಿದರೂ ಅರ್ಧ, ಬತ್ತಿದರೂ ಅರ್ಧ.

ಇಪ್ಪತ್ತಾರು ವರ್ಷ ಮನೆಮನೆಯ ಕರೆಂಟು ಮೀಟರು ಓದಿದವಳು ನಾನು.
ನಿಂತ ಮೀಟರಿಗೆ ಎರಡೇ ಅರ್ಥ:
ಒಳಗೆ ಕಳ್ಳತನ,
ಇಲ್ಲ, ಒಳಗೆ ಯಾರೂ ಇಲ್ಲ.

ರಾತ್ರಿ, ಮಂಡ್ಯದ ಮನೆಯಲ್ಲಿ,
ಹಳೇ ರೀಡಿಂಗ್ ಪುಸ್ತಕದ ಹಿಂಬದಿಗೆ ಬರೆದೆ.
ಅವರು ಹೇಳುವುದು ಎರಡು ಮೂವತ್ತೈದು, ನನ್ನ ಕೈಯಲ್ಲಿ ಎರಡು ಹತ್ತು.
ಟೈರು ನಾಲ್ಕು; ಸ್ಟೆಪ್ನಿಯನ್ನು ದೇವರಿಗೆ ಬಿಟ್ಟಿದ್ದೇನೆ.
ಲೀಟರಿಗೆ ಹತ್ತು ಕೊಡುತ್ತದಂತೆ,
ಜಬೀವುಲ್ಲಾ ಪ್ರಕಾರ, ಇಳಿಜಾರಿನಲ್ಲಿ.
ಎಫ್‌ಸಿ. ಹಸಿರು ತೆರಿಗೆ, ಆ ಕರೀ ಹೊಗೆಗೆ ಅಂಥ ಹೆಸರು.
ಇನ್ಶೂರೆನ್ಸು, ಕ್ಲಚ್ ಪ್ಲೇಟು, ಪಟ್ಟಿ ಸ್ಪ್ರಿಂಗಿನ ಬುಷ್ಷು,
ಆಮೇಲೆ, ಕಿವಿಗೊಟ್ಟು ಕೇಳಿ ಅವನು
"ನೋಡಾಣ" ಅಂದುಬಿಟ್ಟ ಒಂದು ಸದ್ದು.
ಸದ್ದಿನ ಮುಂದೆ ಮೊತ್ತ ಬರೆಯದೆ ಜಾಗ ಬಿಟ್ಟೆ.

ಯಜಮಾನರು ಕನ್ನಡಕ ಏರಿಸಿ ನೋಡಿದರು.
"ಇಂದ್ರಾಣೀ, ಬರೀ ಗಾಡಿಯ ದುಡ್ಡಿಗೇ
ಬಾಡಿಗೆ ಕಾರಲ್ಲಿ ಮೇಲುಕೋಟೆಗೆ ನೂರು ಸಲ ಹೋಗಿಬರಬಹುದು."
ನೂರಾ ಐದು, ಅಂತ ತಿದ್ದಿದೆ.
ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಮೇಲುಕೋಟೆಗೆ ಯಾರು ಹೊರಟಿದ್ದರು?
ಕುಂತಿಬೆಟ್ಟದ ಹಿಂದೆ ಒಂದು ಒಂಟಿಮನೆ,
ಅದರ ಆರ್‌ಆರ್ ನಂಬರು ಇವತ್ತಿಗೂ ಬಾಯಲ್ಲಿದೆ.
ಹಳ್ಳ ದಾಟಿದರೆ ದಾರಿ ಬರೀ ಗುಂಡುಕಲ್ಲು.
ನನ್ನ ಮೊಪೆಡ್ಡು ಅಲ್ಲಿಗೇ ಸಾಕು ಅನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ.
ತಿಂಗಳು ತಿಂಗಳೂ ಈಚೆ ದಡದಲ್ಲಿ ನಿಂತು
ಬಾಗಿಲು ಬೀಗ ಎಂಬ ಕಡೆ ಗುರುತು ಹಾಕಿ
ಹಿಂದಿನ ಸರಾಸರಿಯನ್ನೇ ಬರೆದು ತಿರುಗುತ್ತಿದ್ದೆ.
ಬೀಗವಿತ್ತೋ ಇಲ್ಲವೋ. ಮರಗಳ ಸಂದಿಯಲ್ಲಿ
ಬಲ್ಬೊಂದು ಹಾಡಹಗಲೂ ಉರಿಯುತ್ತಿತ್ತು.
ಬಿಲ್ಲನ್ನು ಒಂದು ಸಲವೂ ತಪ್ಪದೆ ಕಟ್ಟಿದ್ದರು,
ನಾನು ಊಹಿಸಿದಷ್ಟನ್ನೂ.

ಇದನ್ನು ಯಾವ ಕಾಲಮ್ಮಿಗೆ ಹಾಕಲಿ?
ಯಜಮಾನರಿಗೆ ಹೇಳಲಿಲ್ಲ. ಟೈರಿನ ವಿಷಯ ಮಾತಾಡಿದೆ.

ಗುರುವಾರ ಮತ್ತೆ ಹೋದೆವು.
ನಾಲ್ಕೂ ಗಾಲಿಗೆ ಜೀವ ತುಂಬುವ ಆ ಚಿಕ್ಕ ಲಿವರು
ಇದ್ದಲ್ಲೇ ಕಲ್ಲಾಗಿತ್ತು.
"ಅದ ಹಾಕೋ ಅಂಥ ದಾರೀಗೆ ನಾವು ಹೋಗೇ ಇಲ್ಲ ಕನಮ್ಮಾ."
ಜಬೀವುಲ್ಲಾ ಗೋಣಿತಾಟು ಹಾಸಿ ಅಡಿಗೆ ಜರುಗಿದ,
ಎಣ್ಣೆ ಬಿಟ್ಟ, ಬೀಡಿ ಸೇದುವಷ್ಟು ಹೊತ್ತು ಕಾದ,
ತಟ್ಟಿದ. "ಈಗ ಎಳೀರಿ ಮೇಡಂ."

ಎರಡೂ ಕೈಯಿಂದ ಎಳೆದೆ.
ಕಟಕ್.
ಅಂಗಾಲಿನಿಂದ ಹಲ್ಲಿನವರೆಗೆ ಗೊತ್ತಾಯಿತು.

ಗೌಡರು ಗಾಡಿಯನ್ನಲ್ಲ, ನನ್ನ ಮುಖ ನೋಡುತ್ತಿದ್ದರು.
ಆಮೇಲೆ ಬೆಲೆ ಒಂದು ರೂಪಾಯಿ ಇಳಿಯಲಿಲ್ಲ.
ಮುಳ್ಳು ಅರ್ಧದಲ್ಲೇ ಇತ್ತು.

ಮುಂಗಡಕ್ಕೆ ಐನೂರರ ನೋಟು ಎಣಿಸುವಾಗ
ಮೇಲಿನ ನೋಟಿಗೆ ಒಂದು ಇರುವೆ ಹತ್ತಿತ್ತು.
ಊದಿ, ಕೊಟ್ಟೆ.